ಕೊಡಬೇಕಾದ ಫೋಟೋಗಳು

ಅಜಿತಕುಮಾರ ಫೈಲುಗಳಿಗೆ ಇಟ್ಟಿದ್ದ ಹೆಸರುಗಳನ್ನು ನೋಡಿ ರಾಜೇಂದ್ರ ನಕ್ಕಿದ್ದೇ ನಕ್ಕಿದ್ದು. 'ಟೋಪಿ ನೀರಿಗೆ ಬೀಳಿಸಿಕೊಂಡ ಮಾವ.' 'ಒಂದೇ ಸಮ ಅಳುವ ಅವಳಿಜವಳಿ.' 'ಫೋಟೋ ಬೇಡ ಬೇಡ ಅಂತ ಎಲ್ಲರಿಗಿಂತ ಮುಂದೆ ನಿಂತ ಅತ್ತೆ.' ಕಂಪ್ಯೂಟರಿನ ಪರದೆ ತುಂಬ ಇಂಥವೇ, ಒಂದೊಂದರ ಬಾಲಕ್ಕೂ ಒಂದೊಂದು ಮೊಬೈಲ್ ನಂಬರು.

"ಅಜಿತಣ್ಣ, ಇದೇನು ಫೋಲ್ಡರೋ ಸಂತೆಯೋ?"

"ಲಾಂಚಲ್ಲಿ ಹೆಸರು ಕೇಳ್ತಾ ಕೂರಕ್ಕೆ ಟೈಮೆಲ್ಲಿತ್ತೋ ಮಾರಾಯ? ಕಣ್ಣಿಗೆ ಕಂಡಿದ್ದು ಬರ್ದೆ," ಎಂದ ಅಜಿತಕುಮಾರ.

ಸಿಗಂದೂರಿಗೆ ಹೋಗುವವರು ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದ ಕಾಲದಲ್ಲಿ ಅವನು ಅದರಲ್ಲೇ ಫೋಟೋ ತೆಗೆಯುತ್ತಿದ್ದ. ಹಿಂದೆ ನೀರು, ಮುಂದೆ ಸಂಸಾರ. ದೇವಿಯ ದರ್ಶನ ಮುಗಿಸಿ ಬರುವಷ್ಟರಲ್ಲಿ ದಡದ ಗೂಡಂಗಡಿಯಲ್ಲಿ ಪ್ರಿಂಟು ತಯಾರಿರುತ್ತಿತ್ತು. ಆದರೆ ಯಾತ್ರಿಕರನ್ನು ನಂಬುವ ಹಾಗಿಲ್ಲ. ಬಸ್ಸು ಹಾರನ್ ಹೊಡೆದರೆ ಫೋಟೋ ಏನು, ಮಕ್ಕಳನ್ನೇ ಮರೆತು ಓಡುತ್ತಾರೆ. "ವಾಟ್ಸಾಪ್ ಮಾಡ್ರೀ" ಎಂದು ಕಿಟಕಿಯಿಂದ ನಂಬರು ಕೂಗುವರು. ಅಂಥವರದೆಲ್ಲ 'ಕೊಡಬೇಕಾದ್ದು' ಎಂಬ ಫೋಲ್ಡರಿಗೆ ಹೋಗುತ್ತಿತ್ತು. ರಾತ್ರಿ ಕಳಿಸಿದರಾಯಿತು ಎಂದುಕೊಳ್ಳುವುದು, ಬೆಳಗಾದರೆ ಹೊಸ ಜನ, ಹೊಸ ಗಲಾಟೆ. ಹೀಗೆ ಫೋಲ್ಡರು ಊದಿಕೊಳ್ಳುತ್ತಾ ಹೋಯಿತು.

ಆಮೇಲೆ ಸೇತುವೆ ಬಂತು. ಅದನ್ನು ಬೇಡ ಎನ್ನುವವನು ಮನುಷ್ಯನೇ ಅಲ್ಲ, ಆಚೆ ದಡದವರು ಅದಕ್ಕಾಗಿ ಎಷ್ಟೋ ವರ್ಷ ಕಾದಿದ್ದರು. ಮೊದಲ ದಿನ ಅಜಿತಕುಮಾರನೂ ಅದರ ಮೇಲೆ ನಡೆದು ಬಂದು ಖುಷಿಪಟ್ಟ. ಮರುದಿನದಿಂದ ಕಾರುಗಳು ಗಾಜು ಏರಿಸಿಕೊಂಡು ನೀರು ದಾಟಿದವು. ಇಳಿದು ನಿಂತವರೂ ತಮ್ಮ ಫೋಟೋ ತಾವೇ ತೆಗೆದುಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಗೂಡಂಗಡಿ ಬಾಗಿಲು ಹಾಕಿತು. ಅವನ ಕೈ ಹಿಡಿದವನು ರಾಜೇಂದ್ರ. ನಗರ ಎಂಬ ಊರಿನ ಕೋಟೆಯಿಂದ ಅನತಿ ದೂರದಲ್ಲಿ ಅವನದೊಂದು ರೆಸಾರ್ಟು. ಅವನ ಅಜ್ಜ ಒಂದು ಕಾಲಕ್ಕೆ ಅಜಿತಕುಮಾರನ ಅಜ್ಜನ ಗೇಣಿ ಒಕ್ಕಲು. ಈಗ ಸಂಬಳ ಕೊಡುವವನು ಮೊಮ್ಮಗ. ಇಬ್ಬರೂ ಆ ಮಾತು ಎತ್ತುವುದಿಲ್ಲ, ಎತ್ತದೆ ಇರುವುದರಲ್ಲಿ ಇಬ್ಬರಿಗೂ ಒಂದು ಮರ್ಯಾದೆ ಇದೆ.

ಕೆಲಸಕ್ಕೆ 'ಮೀಡಿಯಾ ಮ್ಯಾನೇಜರ್' ಎಂಬ ದೊಡ್ಡ ಹೆಸರು. ಸಾಗರದಲ್ಲಿ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಒಂದು ಕಂಪ್ಯೂಟರು, ಒಂದು ಕುರ್ಚಿ. ರೆಸಾರ್ಟಿನಿಂದ ಬರುವ ಡ್ರೋನ್ ವಿಡಿಯೋ, ರೂಮುಗಳ ಫೋಟೋ, ನೀರುದೋಸೆಯ ಫೋಟೋ ಎಲ್ಲಕ್ಕೂ ತಾರೀಖು, ರೂಮಿನ ಸಂಖ್ಯೆ ಹಾಕಿ ಫೋಲ್ಡರಿಗೆ ಸೇರಿಸಬೇಕು. ಕೆಟ್ಟ ಕೆಲಸವೇನಲ್ಲ. ಆದರೆ ಆ ಫೋಟೋಗಳಲ್ಲಿ ಜನರೇ ಇರಲಿಲ್ಲ. ಖಾಲಿ ಮಂಚ, ಖಾಲಿ ಜೋಕಾಲಿ, ಯಾರೂ ಬಾಯಿಗಿಡದ ದೋಸೆ.

ಮದುವೆ ಕೂಡಿಬರದೆ ಐವತ್ತು ಸಮೀಪಿಸಿದ ಅಜಿತಕುಮಾರನಿಗೆ ತಾನು ಒಂಟಿ ಎಂಬುದು ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ಲಾಂಚಿನಲ್ಲಿ ದಿನವಿಡೀ ಯಾರಾದರೂ ಮೈಮೇಲೆ ಬಿದ್ದು ಮಾತಾಡುತ್ತಿದ್ದರು. "ಸ್ವಲ್ಪ ನಗ್ರಿ ಅಕ್ಕ", "ಮಗೂನ ಎತ್ಕಳಿ ಭಾವ" ಎಂದು ಅವನೂ ಊರಿಗೆಲ್ಲ ನೆಂಟ. ಈಗ ರಾಜೇಂದ್ರನೂ ಕೆಲಸ ಹೇಳುವುದು ಮೆಸೇಜಿನಲ್ಲಿ. ಕೆಳಗಿನ ಹೋಟೆಲಿನಲ್ಲಿ ಟೀ ಕುಡಿದರೆ ದುಡ್ಡು ಬಂತೆಂದು ಹೇಳುವುದು ಗಲ್ಲಾಪೆಟ್ಟಿಗೆ ಮೇಲಿನ ಡಬ್ಬಿ. ಎಷ್ಟೋ ದಿನ ಸಂಜೆ ಬಾಯಿ ತೆರೆದಾಗ ಅವನ ದನಿ ಅವನಿಗೇ ಹೊಸದಾಗಿ ಕೇಳುತ್ತಿತ್ತು.

"ಡ್ರೋನ್ ವಿಡಿಯೋಗೆ ಜಾಗ ಸಾಲ್ತಿಲ್ಲ ಅಜಿತಣ್ಣ. ಗೂಡಂಗಡಿಯಿಂದ ತಂದ ನಿಮ್ಮ ಈ ಸಂತೆ ಡಿಸ್ಕು ಭಾನುವಾರದೊಳಗೆ ಖಾಲಿ ಮಾಡ್ಬಿಡಿ," ಎಂದು ನಕ್ಕು ಮುಗಿಸಿದ, ಅವತ್ತು ಅಪರೂಪಕ್ಕೆ ಕೋಣೆಗೆ ಬಂದಿದ್ದ ರಾಜೇಂದ್ರ.

ಅಳಿಸುವ ಮುಂಚೆ ಅವರವರದು ಅವರವರಿಗೆ ಕಳಿಸಿಬಿಡೋಣ ಎಂದುಕೊಂಡ ಅಜಿತಕುಮಾರ. ಇದು ಪ್ರಾಮಾಣಿಕತೆ ಎಂದು ತನಗೆ ತಾನೇ ಹೇಳಿಕೊಂಡನಾದರೂ ನಿಜ ಬೇರೆ ಇತ್ತು. ಯಾರಾದರೂ ಒಬ್ಬರು ಅವನ ಜೊತೆ ಮಾತಾಡಬೇಕಿತ್ತು. ಅಷ್ಟೇ ಆಸೆ. ಲಾಂಚಿನ ಮೇಲೆ ಅಷ್ಟು ನಕ್ಕವರು ಇಷ್ಟಾದರೂ ಮಾಡಲಿಕ್ಕಿಲ್ಲವೇ?

"ನಮಸ್ಕಾರ, ನಾನು ಸಿಗಂದೂರು ಲಾಂಚಿನ ಫೋಟೋದವ. ತಡವಾಗಿದ್ದಕ್ಕೆ ಕ್ಷಮೆ ಇರಲಿ" ಎಂದು ಬರೆದು, ಒಬ್ಬೊಬ್ಬರಿಗೆ ಒಂದೊಂದು ಫೋಟೋ ಜೋಡಿಸಿ, ಗುರುವಾರ ಇಡೀ ದಿನ ಕಳಿಸಿದ. ಊಟಕ್ಕೂ ಏಳಲಿಲ್ಲ.

ಉತ್ತರಗಳೂ ಬಂದವು. "ಯಾರು ನೀನು? ನನ್ನ ನಂಬರ್ ಎಲ್ಲಿ ಸಿಕ್ತು?" ಎಂದ ಒಬ್ಬ. ಟೋಪಿ ಮಾವನ ಮನೆಯವರು ಹೆಬ್ಬೆರಳು ಎತ್ತಿ ಸುಮ್ಮನಾದರು. ಒಬ್ಬ ಪುಣ್ಯಾತ್ಮ ಅವನನ್ನು ನಿವೇಶನ ಮಾರುವ ಗುಂಪಿಗೆ ಸೇರಿಸಿದ. ಸಂಜೆಯ ಹೊತ್ತಿಗೆ, ಗುರುತಿಲ್ಲದವರಿಗೆ ರಾಶಿ ರಾಶಿ ಮೆಸೇಜು ಕಳಿಸುವ ಮೋಸಗಾರ ಇವನಿರಬೇಕೆಂದು ಅವನ ವಾಟ್ಸಾಪ್ ಬಂದ್ ಆಯಿತು. ಮಾತು ಬೇಕೆಂದು ಹೊರಟವನ ಬಾಯಿಯೇ ಕಟ್ಟಿಹೋಯಿತು. ಅವಮಾನಕ್ಕಿಂತ ಹೆಚ್ಚಾಗಿ ಅವನಿಗೆ ಸಂಕಟವಾಯಿತು.

ಮರುದಿನ ಮಧ್ಯಾಹ್ನ ಫೋನ್ ರಿಂಗಾಯಿತು.

"ಲಾಂಚಿನ ಫೋಟೋದವ್ರಾ? ವಾಟ್ಸಾಪಲ್ಲಿ ಮೆಸೇಜ್ ಹೋಗ್ಲಿಲ್ಲ, ಅದ್ಕೆ ಫೋನೇ ಮಾಡ್ದೆ. ನಾನು ಮಂಜುಶ್ರೀ ಅಂತ, ತೀರ್ಥಹಳ್ಳಿಯಿಂದ."

ಅವನು ನಂಬರು ಹುಡುಕಿದ. 'ಗಾಳಿಗೆ ಕೂದಲು ಹಾರಿ ಕಣ್ಣು ಮುಚ್ಚಿದ ಮದುಮಗಳು.' ಪಕ್ಕದಲ್ಲಿ ಗಂಡ.

"ಹೌದ್ರೀ, ಸಿಕ್ತು. ಚೆನ್ನಾಗಿ ಬಂದಿದೆ ಅಲ್ವಾ?"

"ನಾವೀಗ ಒಟ್ಟಿಗಿಲ್ಲ, ಸರ್."

ಅಜಿತಕುಮಾರನಿಗೆ ನಾಲಗೆ ಕಚ್ಚಿಕೊಳ್ಳುವಂತಾಯಿತು. ಕಳಿಸುವಾಗ ಅವನ ತಲೆಗೆ ಹೊಳೆದದ್ದೆಲ್ಲ ಥ್ಯಾಂಕ್ಸ್ ಹೇಳುವವರು. ಫೋಟೋದೊಳಗಿನವರು ಆಮೇಲೂ ಬದುಕಿದ್ದಾರೆ, ಬದುಕಿನಲ್ಲಿ ಏನೇನೋ ಆಗಿರುತ್ತದೆ ಎಂಬುದು ಹೊಳೆದೇ ಇರಲಿಲ್ಲ.

"ತಪ್ಪಾಯ್ತಮ್ಮ."

"ನಿಮ್ದೇನು ತಪ್ಪು. ನನ್ನ ಫೋನಲ್ಲಿದ್ದಿದ್ದೆಲ್ಲ ತೆಗ್ದಾಕಿದ್ದೆ. ಇದೊಂದು ಎಲ್ಲಿಂದ ಬಂತು ಅಂತ ನಿನ್ನೆಯಿಂದ ಕೂತಿದೀನಿ. ಇನ್ನೂ ಇವೆಯಾ ನಿಮ್ಮತ್ರ?"

"ಇವೆ."

"ಅಳಿಸ್ಬಿಡಿ. ನಾನು ಲೈನಲ್ಲೇ ಇರ್ತೀನಿ, ಆದ್ಮೇಲೆ ಹೇಳಿ."

ಎಲ್ಲವನ್ನೂ ಒಟ್ಟಿಗೆ ಹಿಡಿದು ಒಂದೇ ಏಟಿಗೆ ತೆಗೆದುಹಾಕಬಹುದಿತ್ತು, ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಕೆಲಸ ಮುಗಿದರೆ ಫೋನೂ ಮುಗಿಯುತ್ತದೆ. ಅಜಿತಕುಮಾರ ಒಂದನ್ನು ಮಾತ್ರ ತೆರೆದ.

"ಒಂದೊಂದೇ ಮಾಡ್ಬೇಕಮ್ಮ. ಹಳೇ ಕಂಪ್ಯೂಟರು," ಎಂದ. ಕಂಪ್ಯೂಟರು ಹೋದ ತಿಂಗಳು ಬಂದಿತ್ತು.

"ಹ್ಞೂಂ. ಅಳಿಸೋ ಮುಂಚೆ ಅದ್ರಲ್ಲಿ ಏನಿದೆ ಅಂತ ಹೇಳ್ತೀರಾ?"

ಅವನು ಹೇಳಿದ. ಅವಳು ಕಂಬಿ ಹಿಡಿದು ನಿಂತಿದ್ದಾಳೆ, ನೀಲಿ ಸೀರೆ, ಹೊಸ ಸೀರೆಯ ಮಡಿಕೆ ಇನ್ನೂ ಬಿಟ್ಟಿಲ್ಲ. "ಅದು ಅಮ್ಮ ಕೊಡ್ಸಿದ್ದು," ಎಂದಳು. ಅಳಿಸಿದ. ಎರಡನೆಯದರಲ್ಲಿ ಗಂಡ ನೀರಿನ ಕಡೆ ಕೈ ತೋರಿಸುತ್ತಿದ್ದಾನೆ, ಅವಳು ನೋಡುತ್ತಿರುವುದು ಅವನನ್ನು. ಇದನ್ನು ಹೇಳುವುದೋ ಬೇಡವೋ ಎಂದು ತಡವರಿಸಿ ಹೇಳಿಯೇಬಿಟ್ಟ.

"ಮೀನು ತೋರಿಸ್ತೀನಿ ಅಂದಿದ್ರು. ಮೀನೇನೂ ಇರ್ಲಿಲ್ಲ," ಎಂದು ಮಂಜುಶ್ರೀ ಸಣ್ಣಗೆ ನಕ್ಕಳು. "ಅಳ್ಸಿ."

ಮಾತು ಹೀಗೇ ಅಡ್ಡದಾರಿ ಹಿಡಿಯಿತು. ಅವಳು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಶುಕ್ರವಾರ ರಜೆ. ರಜೆಯ ದಿನ ಏನು ಮಾಡುವುದೆಂದೇ ಗೊತ್ತಾಗುವುದಿಲ್ಲ, ಒಬ್ಬಳಿಗೆ ಎಷ್ಟು ಅಡುಗೆ ಮಾಡಿಕೊಳ್ಳುವುದು. ಅಜಿತಕುಮಾರ ತಾನು ಒಂದು ಹಿಡಿ ಅಕ್ಕಿಗೂ ಕುಕ್ಕರ್ ಇಡುವ ವಿಷಯ ಹೇಳಿದ. ಮೂರನೆಯದು ಹೋಯಿತು. ನಾಲ್ಕನೆಯದರಲ್ಲಿ ಇಬ್ಬರೂ ಕ್ಯಾಮೆರಾ ನೋಡಿ ನಗುತ್ತಿದ್ದರು. ಅದಕ್ಕೆ ಅವನು ಆದಷ್ಟು ಹೊತ್ತು ತೆಗೆದುಕೊಂಡ. ಸೂರ್ಯ ಯಾವ ಕಡೆಯಿದ್ದ, ಹಿಂದೆ ಯಾರ ಜೀಪು ನಿಂತಿತ್ತು, ಎಲ್ಲ ಹೇಳಿದ. ಹೇಳುವುದಕ್ಕೆ ಏನೂ ಉಳಿಯದಾದಾಗ ಅಳಿಸಿದ.

ಅವಳ ನಂಬರಿನದು ಡಿಸ್ಕಿನಲ್ಲಿ ಇನ್ನೇನೂ ಉಳಿದಿರಲಿಲ್ಲ.

"ಆಯ್ತಾ?" ಎಂದಳು.

ಆಯ್ತು ಎನ್ನಲು ಬಾಯಿ ತೆರೆದ. "ಇನ್ನೊಂದಿದೆ," ಎಂದಿತು ಬಾಯಿ.

"ಅದ್ರಲ್ಲಿ ಏನಿದೆ?"

ಖಾಲಿ ಪರದೆಯನ್ನು ನೋಡುತ್ತಾ ಅವನು ಹುಡುಕಾಡಿದ. "ನೀರು. ಬರೀ ನೀರು ಬಂದಿದೆ. ನೀವಿಬ್ರೂ ಆಗ್ಲೇ ಆಚೆ ಹೋಗ್ಬಿಟ್ಟಿದ್ರಿ ಅನ್ಸುತ್ತೆ."

ಇಟ್ಟುಬಿಟ್ಟಳೇನೋ ಎಂದು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಸರ್, ನಾವು ಅವತ್ತು ತೆಗೆಸಿದ್ದು ನಾಕೇ ಫೋಟೋ. ನಂಗೆ ಚೆನ್ನಾಗಿ ನೆನಪಿದೆ."

ಅಜಿತಕುಮಾರನ ಮುಖ ಬಿಸಿಯಾಯಿತು. ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಇರ್ಲಿ," ಎಂದಳು ಅವಳು. "ನೀರಿನ ಬಣ್ಣ ಹೇಗಿದೆ, ಹೇಳಿ."