ಹನ್ನೊಂದು ಪುಟ

ಪೌಡರಿನ ಘಾಟು ಮೂಗಿಗೇರಿ ಇನ್ನೇನು ಸೀನು ಬಂತು ಅನ್ನುವಾಗ ಬರಲಿಲ್ಲ, ಕನ್ನಡಿಯಲ್ಲಿ ಬಾಯಿ ತೆರೆದು ಕೂತ ಈ ಎಂಬತ್ತೊಂದರ ಮುದುಕನನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು, ಆದರೆ ಮೂಗು ಇವತ್ತಿಗೂ ಮೂಗೇ, ಮೂರನೇ ಮಹಡಿಯ ಅಗ್ಗದ ಸೀಟಿಗೂ ಕಾಣುವ ಮೂಗು, ಅಂದುಕೊಂಡ ಅಂಬ್ರೋಸ್ ಎಂಟ್ವಿಸಲ್ — ಗೋಡೆಯ ಸ್ಪೀಕರು ಅರ್ಧಗಂಟೆ ಇದೆ ಎಂದಿತು, ಅಂದರೆ ಮೂವತ್ತೈದು ನಿಮಿಷ, ರಂಗದವರ ಅರ್ಧಗಂಟೆ ಯಾವತ್ತೂ ಐದು ನಿಮಿಷ ದಪ್ಪ, ಬುಧವಾರದ ಮಧ್ಯಾಹ್ನದಾಟ, ಪೆಪ್ಪರ್‌ಮಿಂಟಿನ ಕಾಗದ ಪರಪರ ಅನ್ನಿಸುವ ಅಜ್ಜಿಯರು, ಬರಲಿ, ಎಲ್ಲರೂ ಇವನನ್ನೇ ನೋಡಲು ಬಂದವರು. ಕೈ ಎತ್ತಪ್ಪಾ, ಸರ್ ಪದವಿ ಬಂದೋರಿಗೂ ತೋಳು ಎರಡೇ, ಎಂದಳು ಬೆರಿಲ್, ಮೂವತ್ತು ವರ್ಷದಿಂದ ಇವನಿಗೆ ಬಟ್ಟೆ ತೊಡಿಸುವವಳು, ಇವತ್ತಿನವರೆಗೆ ಒಮ್ಮೆಯೂ ಸರ್ ಅಂದವಳಲ್ಲ. ಅನ್ನದಿದ್ದರೆ ಬಿಡಲಿ, ಬರ್ನ್ಲಿಯ ಹತ್ತಿ ಗಿರಣಿಯಲ್ಲಿ ನಾನೂರು ಮಗ್ಗಗಳ ಸದ್ದನ್ನು ಮೀರಿ ಕೂಗುತ್ತಿದ್ದ ಅಮ್ಮನ ಗಂಟಲು ಇವನದು, ನಟನೆಯ ಶಾಲೆಯವರು ಊರಿನ ಉಚ್ಚಾರವನ್ನು ಉಜ್ಜಿ ತೆಗೆದರು, ಗಂಟಲನ್ನು ತೆಗೆಯಲಾಗಲಿಲ್ಲ. ಏಳು ಸಿನಿಮಾಗಳಲ್ಲಿ ಖಳನಾದ, ಬಸ್ಸಿನ ಡ್ರೈವರು ಈಗಲೂ ಏನ್ರೀ, ಇವತ್ತು ಯಾರನ್ನ ಮುಗಿಸ್ತೀರಿ ಅನ್ನುತ್ತಾನೆ, ಮುಗಿಸಿದ್ದಾನೆ, ಎಷ್ಟೋ ಜನರನ್ನು, ಒಂದು ಹುಬ್ಬಿನಿಂದ. ಐವತ್ತೆಂಟು ವರ್ಷ ರಂಗದ ಮೇಲೆ, ಒಮ್ಮೆಯೂ ಪಕ್ಕದಿಂದ ಯಾರೂ ಮಾತು ಹೇಳಿಕೊಟ್ಟಿಲ್ಲ, ಇದನ್ನು ಹೇಳಬಲ್ಲವರು ಈ ದೇಶದಲ್ಲಿ ಇನ್ನೊಬ್ಬರಿದ್ದರೆ ಬಂದು ಹೇಳಲಿ. ಮೇಜಿನ ಮೇಲೆ ಆ ಕಿವಿಗುಂಡಿ, ಕಡಲೆಕಾಳಿನಷ್ಟು, ರಂಗನಿರ್ವಹಣೆಯ ಬ್ರಾನ್ವೆನ್ ಇಟ್ಟುಹೋದದ್ದು, ಹಾಕ್ಕೊಳ್ಳಿ ಸರ್, ಮರೆತ್ರೆ ನಾನು ಕಿವೀಲಿ ಹೇಳ್ತೀನಿ, ಯಾರಿಗೂ ಗೊತ್ತಾಗಲ್ಲ, ಹೋದ ಗುರುವಾರದ ಹಾಗೆ ಆಗಬಾರದಲ್ಲ.

ಗುರುವಾರ. ಮೊದಲ ಅಂಕದಲ್ಲಿ ತಮ್ಮನ ಪಾತ್ರದವನು ಕದ ಯಾರು ತೆಗೆದದ್ದು ಅನ್ನುತ್ತಾನೆ, ಅಂಕದ ಕೊನೆಗೆ ಮತ್ತೆ ಅದೇ ಪ್ರಶ್ನೆ, ಅದೇ ದನಿ, ಇವನ ನಾಲಗೆ ಎರಡನೆಯದರ ಉತ್ತರವನ್ನು ಕೊಟ್ಟುಬಿಟ್ಟಿತು, ನಾನೇ ತೆಗೆದೆ, ಎಷ್ಟು ಚೆನ್ನಾಗಿ ಅಂದ, ಆಟ ಹನ್ನೊಂದು ಪುಟ ಹಾರಿತು, ಜನರಿಗೆ ತಿಳಿಯಲೇ ಇಲ್ಲ, ಎದ್ದು ನಿಂತು ಚಪ್ಪಾಳೆ ಹೊಡೆದರು — ಆದರೆ ರಂಗದ ಪಕ್ಕದ ಕತ್ತಲಲ್ಲಿ ಕೆರೆನ್ಸಾ, ಟೀ ತರುವ ಪಾತ್ರದ ಹುಡುಗಿ, ತಟ್ಟೆ ಹಿಡಿದು, ಒಂದು ಕಾಲು ಮುಂದಿಟ್ಟು, ಅವಳ ಒಂದೇ ಒಂದು ದೃಶ್ಯ ಆ ಹನ್ನೊಂದು ಪುಟಗಳಲ್ಲಿತ್ತು, ಕಾರ್ನ್‌ವಾಲಿನಿಂದ ಎಂಟು ತಾಸು ಬಸ್ಸಿನಲ್ಲಿ ಬಂದ ಅವಳ ಅಮ್ಮ ಆರನೇ ಸಾಲಿನಲ್ಲಿದ್ದಳು. ಪರವಾಗಿಲ್ಲ ಸರ್ ಅಂದಳು ಹುಡುಗಿ, ನಕ್ಕಳು ಕೂಡ, ಅಮ್ಮ ಶುಕ್ರವಾರವೇ ಊರಿಗೆ ಹೋದಳಂತೆ, ಇವತ್ತು ಹುಡುಗಿಯ ಅಕ್ಕ ಬಂದಿದ್ದಾಳಂತೆ. ಬೆರಿಲ್, ಆ ಗುಂಡಿ ಡ್ರಾಯರಿಗೆ ಹಾಕು. ಹಟ ಮಾಡ್ಬೇಡ ಕಣೋ, ಅಂದಳು, ಆದರೂ ಹಾಕಿದಳು.

ಬೆಳಕು, ಮುಖಕ್ಕೆ ಬೆಚ್ಚಗೆ ಬಡಿದದ್ದೇ ಮಂಡಿನೋವು ಹೋಯಿತು, ಬೆನ್ನು ತಾನೇ ನೆಟ್ಟಗಾಯಿತು, ಎಂಟುನೂರು ಜನ ಉಸಿರು ಬಿಗಿಹಿಡಿದಿದ್ದಾರೆ, ಹಿಡಿಸಿದವನು ಇವನೇ, ಮಾತುಗಳು ಒಂದರ ಹಿಂದೊಂದು ಬರುತ್ತಿವೆ, ಕರೆಯದೆ ಬರುತ್ತಿವೆ, ಮೊದಲ ನಗು ಸಿಕ್ಕಿತು, ಎರಡನೆಯದೂ — ಕದ ಯಾರು ತೆಗೆದದ್ದು, ಎಂದ ತಮ್ಮನ ಪಾತ್ರದವನು. ನಾನೇ ತೆಗೆದೆ. ಅಲ್ಲ, ಅದಲ್ಲ, ಅದು ಮುಂದಿನದು, ಇಲ್ಲಿಯದು ಬೇರೆ, ಎರಡೇ ಪದ, ಎಲ್ಲಿ ಅವು, ತಪ್ಪು ಉತ್ತರ ಮಾತ್ರ ನಾಲಗೆಯ ತುದಿಯಲ್ಲಿ ಸಜ್ಜಾಗಿ ಕೂತಿದೆ, ಅಂದುಬಿಟ್ಟರೆ ಮತ್ತೆ ಚಪ್ಪಾಳೆ, ಯಾರಿಗೂ ಗೊತ್ತಾಗುವುದಿಲ್ಲ, ಐವತ್ತೆಂಟು ವರ್ಷ, ಒಮ್ಮೆಯೂ ಇಲ್ಲ — ಪಕ್ಕದಲ್ಲಿ ತಟ್ಟೆ, ಒಂದು ಕಾಲು ಮುಂದೆ. ಅವನು ಕುರ್ಚಿಯಿಂದ ಎದ್ದ, ಪಕ್ಕಕ್ಕೆ ತಿರುಗಿದ, ಪಿಸುಗುಟ್ಟಲಿಲ್ಲ, ಪಿಸುಗುಟ್ಟುವ ಗಂಟಲೇ ಅಲ್ಲ ಅದು, ಮೂರನೇ ಮಹಡಿಗೂ ಕೇಳುವ ಹಾಗೆ, ಕಿರೀಟ ಕೊಡು ಅನ್ನುವ ದನಿಯಲ್ಲಿ, ಬ್ರಾನ್ವೆನ್, ನನ್ನ ಮಾತು ಕೊಡಮ್ಮ. ಪೆಪ್ಪರ್‌ಮಿಂಟಿನ ಕಾಗದಗಳೂ ಸುಮ್ಮನಾದವು. ಗಾಳಿ ಇರಬೇಕು, ಎಂದಿತು ಕತ್ತಲಿನ ದನಿ. ಗಾಳಿ ಇರಬೇಕು, ಎಂದ ಅವನು, ಎಷ್ಟು ಚೆನ್ನಾಗಿ ಅಂದ, ಇನ್ನು ಮುಂದಿನದು, ಮುಂದಿನದು ತನ್ನದಲ್ಲ, ಅವಳದು, ತಟ್ಟೆ, ಎರಡು ಬಟ್ಟಲು, ಅಲುಗುವ ಚಮಚ, ಮುಂದಿಟ್ಟಿದ್ದ ಆ ಕಾಲು ಬೆಳಕಿನೊಳಗೆ ಬಂತು.