ಅರ್ಥವಾಗದ ಕರೆಗಳು

ಇದು ಕೆಮ್ಮು, ಒಪ್ಪಿಗೆಯಲ್ಲ, ಯಂತ್ರ ಹೂಂ ಎಂದು ಬರೆದುಕೊಂಡಿದೆ, ಅಳಿಸು, ಮುಂದಿನದು — ಹೆಡ್‌ಫೋನಿನ ಸ್ಪಂಜು ಕಿತ್ತುಬಂದು ಬಲಗಿವಿ ಉರಿಯುತ್ತಿದೆ, ಮಧ್ಯಾಹ್ನ ಮೂರಾದರೂ ಊಟದ ಡಬ್ಬಿ ತೆರೆದಿಲ್ಲ, ಈ ಸಾಲಿನಲ್ಲಿ ಹದಿನಾಲ್ಕು ಜನ ಕೂರುತ್ತಿದ್ದರು, ಈಗ ನಾನೊಬ್ಬ, ಉಳಿದವರ ಕೆಲಸವನ್ನೆಲ್ಲ ನನ್ನ ಧ್ವನಿಯೇ ನುಂಗಿ ನೀರು ಕುಡಿಯಿತು. ನಿಮ್ಮದು ಜೋಗುಳದ ಗಂಟಲು ಕಣ್ರೀ, ಆಸ್ಪತ್ರೆ ಬಾಕಿ ಕೇಳಿದ್ರೂ ಜನ ಬೈಯಲ್ಲ, ಅಂತ ಮ್ಯಾನೇಜರ್ ಗಾಜಿನ ಕೋಣೆಯಲ್ಲಿ ಕೂರಿಸಿ ಎರಡು ದಿನ ಓದಿಸಿದರು, ನಮಸ್ಕಾರ, ನಿಮ್ಮ ಚಿಕಿತ್ಸೆಯ ವೆಚ್ಚದಲ್ಲಿ ವಿಮೆ ಕೊಡದ ಭಾಗ ಬಾಕಿ ಇದೆ, ಈಗ ಕಟ್ಟುತ್ತೀರಾ, ಸಮಯ ಬೇಕೇ — ಅಷ್ಟರಲ್ಲೇ ಯಂತ್ರ ನನ್ನ ಗಂಟಲನ್ನು ಕಲಿತುಬಿಟ್ಟಿತು, ಈಗ ಒಂದೇ ಹೊತ್ತಿಗೆ ಸಾವಿರ ಮನೆಗಳಲ್ಲಿ ನಾನೇ ಮಾತನಾಡುತ್ತೇನೆ, ಅದಕ್ಕೆ ತಿಳಿಯದ ಉತ್ತರಗಳನ್ನು ಕೇಳಿ ಗುರುತು ಹಾಕುವುದಕ್ಕೆ ಮಾತ್ರ ಈ ನಾನು, ಕಟ್ಟುತ್ತಾರೆ, ಸಮಯ ಕೇಳಿದರು, ತಪ್ಪು ನಂಬರು, ಮೂರರಲ್ಲಿ ಒಂದನ್ನು ಒತ್ತು, ಮುಂದಿನದು, ಮೂರು ದಿನ ಹಿಂದೆ ರೆಕಾರ್ಡ್ ಆದ ಕರೆ, ನಮಸ್ಕಾರ ಎನ್ನುತ್ತೇನೆ, ಆ ಕಡೆ ಸ್ಟೂಲು ಎಳೆದ ಸದ್ದು, ಅಪ್ಪಾ, ಅಪ್ಪಾ ನೀನಾ.

ಕೈ ನಿಂತಿತು. ನಮ್ಮ ಮನೆಯ ನಂಬರು, ಹೋದ ತಿಂಗಳು ಮಗಳ ಮೊಣಕೈ ಮುರಿದಾಗ ಆಸ್ಪತ್ರೆಯ ಅರ್ಜಿಯಲ್ಲಿ ನಾನೇ ಬರೆದುಕೊಟ್ಟದ್ದು, ಅವಳಮ್ಮ ತೀರಿಕೊಂಡ ಮೇಲೆ ಶಾಲೆ ಮುಗಿಸಿ ಬಂದು ಸಂಜೆಯವರೆಗೆ ಅವಳೊಬ್ಬಳೇ ಇರುವ ಮನೆ, ಹಗಲಲ್ಲಿ ಒಂದ್ಸಲನಾದ್ರೂ ಫೋನ್ ಮಾಡಪ್ಪ ಅಂದಿದ್ದಳು, ಇಲ್ಲಿ ಒಳಗೆ ಬರುವಾಗಲೇ ನಮ್ಮ ಫೋನು ತೆಗೆದಿಟ್ಟುಕೊಳ್ಳುತ್ತಾರೆ, ಆದರೂ ಮಾಡ್ತೀನಮ್ಮ ಅಂದಿದ್ದೆ — ಯಾಕಪ್ಪಾ ಹೆಡ್‌ಮಾಸ್ಟರ್ ಥರ ಮಾತಾಡ್ತಿದ್ದೀಯ, ಕಿಲಕಿಲ ನಗು, ಇವತ್ತು ಬೇಗ ಬರ್ತೀಯಾ, ನಂಗೊಬ್ಳಿಗೇ ಬೇಜಾರು. ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ, ಅನ್ನುತ್ತೇನೆ ನಾನು, ಅದೇ ಜೋಗುಳದ ಗಂಟಲಲ್ಲಿ. ಬೇಗ. ಬರ್ತೀಯಾ. ಅಂದೆ. ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ. ನಗು ನಿಂತಿದೆ, ಧನ್ಯವಾದಗಳು, ಕರೆ ಮುಗಿಯಿತು.

ಗುರುತು ಹಾಕಬೇಕು, ಸಮಯ ಕೇಳಿದರು ಎಂದರೆ ನಾಳೆ ಅದು ಮತ್ತೆ ನಾನಾಗಿ ಅವಳ ಹತ್ತಿರ ಮಾತನಾಡುತ್ತದೆ, ತಪ್ಪು ನಂಬರು ಎಂದರೆ ಇನ್ನು ಮಾಡುವುದಿಲ್ಲ, ಸುಳ್ಳು ಗುರುತು ಹಾಕಿದವನನ್ನು ಇಲ್ಲಿ ಉಳಿಸಿಕೊಳ್ಳುವುದಿಲ್ಲ, ಒತ್ತಿದೆ, ನನ್ನ ಮನೆಯನ್ನೇ ತಪ್ಪು ನಂಬರು ಮಾಡಿದೆ, ಆದರೆ ಅವಳು ಈ ಕರೆಯ ಮಾತೇ ಎತ್ತಲಿಲ್ಲವಲ್ಲ, ಕರೆ ಹೋದ ಆ ದಿನ ಮನೆಗೆ ಹೋದಾಗ ಏನೋ ಹೊಸ ಆಟ ಹೂಡಿದ್ದಳು, ಎದುರು ನಿಂತು ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ, ಊಟ. ಮಾಡ್ತೀಯಾ. ಅಪ್ಪಾ. ನಾನೂ ನಗುತ್ತ, ಮಾಡ್ತೀನಿ. ಕಣೇ. ಅವಳು ನಗಲಿಲ್ಲ, ಮಾರನೆಯ ದಿನವೂ ಹಾಗೆಯೇ, ನಿನ್ನೆಯೂ, ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು, ತನ್ನ ಮಾತು ನನಗೆ ತಿಳಿಯಿತೋ ಇಲ್ಲವೋ ಎಂದು ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಆಟವಲ್ಲ ಅದು, ನನ್ನ ತುಟಿಗಳನ್ನೇ, ತುಟಿಗಳನ್ನೇ