ಸೊಂಟವಿಲ್ಲದ ಎಂಟು

ಆಪರೇಷನ್ ಮಾಡಿದವರ ಹೆಸರು ರೋಗಿಗೆ ಸಾಯುವವರೆಗೂ ನೆನಪಿರುತ್ತದೆ. ಅರಿವಳಿಕೆ ಕೊಟ್ಟವಳು ಯಾರೆಂಬುದು ಮಧ್ಯಾಹ್ನದ ಹೊತ್ತಿಗೇ ಮರೆತುಹೋಗಿರುತ್ತದೆ. ಮೂವತ್ತು ವರ್ಷದಿಂದ ನಾನು ಬರೀ ‘ನಿದ್ದೆ ಡಾಕ್ಟ್ರಮ್ಮ’. ಬೇಸರವಿಲ್ಲ ಎಂದರೆ ಸುಳ್ಳಾದೀತು. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ನರ್ಸುಗಳು ಆಡಿಕೊಳ್ಳುವುದೂ ಗೊತ್ತು. ಆದರೆ ಆ ದಿನದ ತಪ್ಪು ನನ್ನದೇ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ಅವತ್ತಿನ ರೋಗಿ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್. ನಲವತ್ತು ವರ್ಷ ಏಣಿ ಹತ್ತಿ, ಕೈಯೆತ್ತಿ ಅಕ್ಷರ ಬರೆದು ಬಲಭುಜದ ಸ್ನಾಯು ಹರಿದಿತ್ತು. ಬಿ.ಪಿ. ಜಾಸ್ತಿಯಿದೆಯೆಂದು ಎರಡು ಸಲ ಆಪರೇಷನ್ ಮುಂದೂಡಿದ್ದೆ. ಮನೆಯಲ್ಲಿ ದಿನಾ ನೋಡಿ ಬರೆದುಕೊಂಡು ಬನ್ನಿ ಎಂದಿದ್ದೆ. ಮೂರನೆಯ ಸಲ ಪುಸ್ತಕ ತಂದರು. ಒಂದು ತಿಂಗಳ ಲೆಕ್ಕ: 128, 126, 130. ಅಂಕಿಗಳಂತೂ ಅಚ್ಚು ಹಾಕಿದ ಹಾಗಿದ್ದವು.

“ಪುಸ್ತಕ ಅಂದ್ರೆ ಹೀಗಿರ್ಬೇಕು,” ಎಂದು ಬಾಯ್ತುಂಬ ಹೊಗಳಿದೆ. ಪಕ್ಕದಲ್ಲಿದ್ದ ಅವರ ಹೆಂಡತಿ ತಲೆ ತಗ್ಗಿಸಿದರು. ನಾಚಿಕೆ ಎಂದುಕೊಂಡೆ. ವಾರ್ಡಿನಲ್ಲಿ ನೋಡಿದಾಗಲೂ 130 ಇತ್ತು, ಇನ್ನೇನು ಬೇಕು.

ಭುಜದ ಆಪರೇಷನ್‌ಗೆ ರೋಗಿಯನ್ನು ಒರಗುಕುರ್ಚಿಯಲ್ಲಿ ಕೂತಂತೆ ಮಲಗಿಸುತ್ತಾರೆ. ತಲೆ ಮೇಲೆ, ಹೃದಯ ಕೆಳಗೆ. ಒತ್ತಡ ಕಡಿಮೆಯಾದರೆ ಮೇಲ್ಮಹಡಿಯ ನಲ್ಲಿಯಲ್ಲಿ ಮೊದಲು ನೀರು ನಿಲ್ಲುವ ಹಾಗೆ, ಇಲ್ಲಿ ಮೊದಲು ಬತ್ತುವುದು ಮಿದುಳು. ಅದಕ್ಕೇ ಹಣೆಗೆ ಎರಡು ಪಟ್ಟಿ ಅಂಟಿಸುತ್ತೇನೆ. ಅವು ಒಳಕ್ಕೆ ಬೆಳಕು ಬಿಟ್ಟು, ಮಿದುಳಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ಪರದೆಯ ಮೇಲೆ ತೋರಿಸುತ್ತವೆ. ಎಚ್ಚರವಿದ್ದಾಗ ಅವರದು 68.

“ಹಣೆಗೂ ಬೋರ್ಡಾ ಡಾಕ್ಟ್ರಮ್ಮ? ಏನಂತ ಬರೀತೀರ?”

“ಮಾತು ಕಮ್ಮಿ ಮಾಡಿ ಅಂತ,” ಎಂದೆ. ನಗುತ್ತಲೇ ನಿದ್ದೆಹೋದರು.

ಅರ್ಧ ಗಂಟೆಯಲ್ಲಿ ಬಿ.ಪಿ. 100ಕ್ಕೆ ಇಳಿಯಿತು. ಮೂಳೆ ಡಾಕ್ಟರಿಗೆ ಖುಷಿ. ಒತ್ತಡ ಕಡಿಮೆಯಿದ್ದಷ್ಟೂ ರಕ್ತ ಕಡಿಮೆ, ಕ್ಯಾಮೆರಾದಲ್ಲಿ ಭುಜದ ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. 128 ಇರುವ ಮನುಷ್ಯನಿಗೆ 100 ಪರವಾಗಿಲ್ಲವೆಂದು ನಾನೂ ಸುಮ್ಮನಿದ್ದೆ. ಆದರೆ ಹಣೆಯ ಅಂಕಿ 60ಕ್ಕೆ ಬಂತು. ಆಮೇಲೆ 56, 52. ಕತ್ತು ತಿರುಚಿದೆಯೇ ನೋಡಿದೆ, ಉಸಿರಿನ ಕೊಳವೆ ನೋಡಿದೆ, ಆಮ್ಲಜನಕ ಹೆಚ್ಚಿಸಿದೆ. ಎಲ್ಲ ಸರಿಯಿತ್ತು. ಅಂಕಿ 50.

ಆಗ ಅವರ ಪುಸ್ತಕ ನೆನಪಾಯಿತು. ಅದರ ತುಂಬ ಒಂದೇ ಶಾಯಿ. ಒಂದು ಕಡೆಯೂ ಚಿತ್ತಿಲ್ಲ, ಕಾಟಿಲ್ಲ. ಅದು ದಿನಾ ಬರೆದದ್ದಲ್ಲ, ಒಂದೇ ಸಲ ಕೂತು ಬರೆದದ್ದು. ನಾನು ಅಕ್ಷರಕ್ಕೆ ಮಾರುಹೋಗಿದ್ದೆ.

ಒತ್ತಡ ಏರಿಸುವ ಔಷಧಿ ಶುರುಮಾಡಿ, “ಹೊರಗೆ ಅವರ ಹೆಂಡ್ತಿ ಇದ್ದಾರೆ. ಮನೇಲಿ ನಿಜವಾಗ್ಲೂ ಎಷ್ಟಿರುತ್ತೆ ಕೇಳು. ಬೈಯಲ್ಲ ಅಂತ ಹೇಳು,” ಎಂದು ನರ್ಸನ್ನು ಓಡಿಸಿದೆ.

“ಮೇಡಂ, ರಕ್ತ ಜಾಸ್ತಿ ಆಗ್ತಿದೆ, ಸ್ವಲ್ಪ ಇಳಿಸಿ,” ಎಂದರು ಮೂಳೆ ಡಾಕ್ಟರು.

“ಇಳಿಸಲ್ಲ.”

“ನೂರಿಪ್ಪತ್ತು ದಾಟ್ತು. ಅದು ನಾರ್ಮಲ್ ಅಲ್ವಾ?”

“ನಿಮಗೆ ನಾರ್ಮಲ್. ಎರಡು ನಿಮಿಷ ಕೈ ನಿಲ್ಲಿಸಿ.”

ನರ್ಸ್ ಇನ್ನೊಂದು ಪುಸ್ತಕ ಹಿಡಿದು ಬಂದಳು, ಮುದುರಿದ್ದು, ಹೆಂಡತಿ ಬರೆದದ್ದು. 182, 178, 188. ಅಂಕಿಗಳೆಲ್ಲ ಸೊಟ್ಟಪಟ್ಟ. ಎಂಟು ಎಂದರೆ ಒಂದರ ಮೇಲೊಂದು ಕೂರಿಸಿದ ಎರಡು ಸೊನ್ನೆ. ಮೇಲಿನದು ಈಗ ಬಿದ್ದೀತು, ಆಗ ಬಿದ್ದೀತು ಎನ್ನುವಂತಿತ್ತು.

“ಎರಡು ದಿನದಿಂದ ಬಿ.ಪಿ. ಮಾತ್ರೆ ಎರಡೆರಡು ನುಂಗಿದ್ದಾರಂತೆ. ಮತ್ತೆ ಮುಂದೂಡ್ತೀರ ಅಂತ ಹೆದರಿ,” ಎಂದಳು.

ವರ್ಷಗಟ್ಟಲೆ 180ಕ್ಕೆ ಒಗ್ಗಿಹೋದ ಮಿದುಳಿಗೆ 100 ಎಂದರೆ ಉಪವಾಸ. ಒತ್ತಡವನ್ನು 150ರವರೆಗೆ ಏರಿಸಿದೆ. ಹಣೆಯ ಅಂಕಿ ಹಟ ಹಿಡಿದಂತೆ 50ರಲ್ಲೇ ಕೂತಿತ್ತು, ಆಮೇಲೆ 53 ಆಯಿತು, 58. 64 ಮುಟ್ಟಿದ ಮೇಲೆ “ಈಗ ಮಾಡಿ” ಎಂದೆ. ಮೂಳೆ ಡಾಕ್ಟರು ಗೊಣಗುತ್ತಲೇ ಕೆಲಸ ಮುಗಿಸಿದರು.

ಹನ್ನೊಂದು ನಿಮಿಷ ಆ ಮಿದುಳು ಹಸಿದಿತ್ತು. ಅಷ್ಟರಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ಯಾವ ಪರದೆಯೂ ಹೇಳುವುದಿಲ್ಲ. ಎಚ್ಚರವಾದ ಮೇಲೆ ಮನುಷ್ಯನೇ ಹೇಳಬೇಕು.

ಅವರು ಕಣ್ಣು ಬಿಟ್ಟರು, ಮಾತಾಡಲಿಲ್ಲ. ಹೆಂಡತಿಯನ್ನು ಒಳಗೆ ಕರೆಸಿದೆ.

“ನಾನು ಮೊದ್ಲೇ ಬಾಯಿ ಬಿಡಬೇಕಿತ್ತು ಡಾಕ್ಟ್ರಮ್ಮ,” ಎಂದರು ಆಕೆ.

“ನಾನು ಮೊದ್ಲೇ ಕೇಳ್ಬೇಕಿತ್ತು ಬಿಡಿ,” ಎಂದೆ. ಇಷ್ಟು ವರ್ಷದಲ್ಲಿ ಅಷ್ಟು ಹೆದರಿದ್ದು ನೆನಪಿಲ್ಲ. ಮುದುರಿದ ಪುಸ್ತಕವನ್ನು ಅವರ ಗಂಡನ ಕಣ್ಣೆದುರು ಹಿಡಿದೆ. “ಇದೇನು, ಓದಿ ನೋಡೋಣ.”

ತುಂಬ ಹೊತ್ತು ದಿಟ್ಟಿಸಿದರು. ಎಡಗೈ ಮೆಲ್ಲಗೆ ಎದ್ದು, ಒಂದು ಬೆರಳು ಹಾಳೆಯ ಮೇಲೆ ಕೂತಿತು.

“ನೂರಾ... ಎಂಬತ್ತೆರಡು,” ಎಂದರು. ನಾಲಿಗೆ ಇನ್ನೂ ಸರಿಯಾಗಿ ಹೊರಳುತ್ತಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಎಷ್ಟ್ ಸಲ ಹೇಳ್ಕೊಟ್ಟಿದೀನಿ ನಿಂಗೆ. ಎಂಟಿಗೆ ಸೊಂಟ ಇರ್ಬೇಕು ಅಂತ.”

“ಬೈಯಿರಿ,” ಎಂದರು ಆಕೆ ಅಳುತ್ತಾ. “ಇನ್ನೂ ಬೈಯಿರಿ.”

ನಾನು ಫೈಲಿನಿಂದ ಆ ಚೆಂದದ ಪುಸ್ತಕವನ್ನು ತೆಗೆದು, ಆಕೆಯದನ್ನು ಇಟ್ಟೆ.